ಅಡುಗೆಮನೆ ಗೋಡೆಗೆ ಗಂಜೀಫಾ ಪ್ರಿಂಟ್, ಮಾರ್ಕೆಟ್ ಹತ್ರದ ಫ್ರೇಮ್ ಅಂಗಡಿ

ಮೈಸೂರಿನ ದೇವರಾಜ ಮಾರ್ಕೆಟ್ ಹತ್ರ ಗಲ್ಲೀಲಿರೋ ಸಣ್ಣ ಫ್ರೇಮ್ ಅಂಗಡಿ, ಮುಂದೆಲ್ಲ ದೇವರ ಪಟಗಳೇ, ಆದ್ರೆ ಕೇಳಿದ್ರೆ ಒಳಗಿಂದ ಗಂಜೀಫಾ ಪ್ರಿಂಟ್ ತೆಗ್ದು ತೋರಿಸ್ತಾರೆ, ಅದೇ ಗುಂಡಗಿರೋ ಹಳೇ ಕಾಲದ ಇಸ್ಪೀಟ್ ಎಲೆ, ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟು ಪ್ರೋತ್ಸಾಹ ಕೊಟ್ಟಿದ್ರಲ್ಲ. ದಶಾವತಾರದ ಮತ್ಸ್ಯ, ಕೂರ್ಮ ಎರಡು ತಗೊಂಡೆ, ಫ್ರೇಮ್ ಸೇರಿ ಒಂದಕ್ಕೆ 350, ಪರ್ವಾಗಿಲ್ಲ.

ನಮ್ಮನೆಯವ್ರು ಒರಿಜಿನಲ್ ಮೈಸೂರು ಶೈಲಿ ಚಿತ್ರನೇ ಹಾಕೋಣ ಅಂದ್ರು, ನಾನು ಬೇಡ್ರೀ ಅಂದೆ, ಅದು ಗೆಸ್ಸೋ ಅನ್ನೋ ಉಬ್ಬು ಲೇಪದ ಮೇಲೆ ಚಿನ್ನದ ರೇಕು ಅಂಟಿಸಿರೋದು, ಒಗ್ಗರಣೆ ಹೊಗೆ ಎಣ್ಣೆಜಿಡ್ಡು ಕೂತ್ರೆ ಒದ್ದೆ ಬಟ್ಟೇಲಿ ಒರೆಸೋಕೂ ಆಗಲ್ಲ, ರೇಟೂ ಕೈಗೆಟುಕಲ್ಲ. ಪ್ರಿಂಟ್ ಆದ್ರೆ ಹಾಳಾದ್ರೆ ಹೋಗ್ಲಿ ಬಿಡಿ ಅನ್ಬೋದು.

ಅಂಗಡಿಯವ್ರು ಅಕ್ರಿಲಿಕ್ ಶೀಟ್ ಹಾಕ್ತೀನಿ ಅಂತಾರೆ, ಒಪ್ಕೋಬೇಡಿ, ಜಿಡ್ಡು ಉಜ್ಜಿ ಉಜ್ಜಿ ಗೀರು ಬೀಳುತ್ತೆ, ಗ್ಲಾಸೇ ಕೇಳಿ. ಹಿಂದ್ಗಡೆ ಬರೀ ನಾಕು ಮೊಳೆ ಹೊಡ್ದು ಕೊಟ್ಬಿಟ್ಟಿದ್ರು, ಕುಕ್ಕರ್ ಹಬೆ ಒಳಗೋದ್ರೆ ಪೇಪರ್ ಉಬ್ಕೊಳಲ್ವಾ ಅಂದ್ಮೇಲೆ ಗೊಣಗ್ಕೊಂಡೇ ಸುತ್ತ ಟೇಪ್ ಹಾಕಿದ್ರು. ಸ್ಟವ್ ಎದುರು ಬೇಡ, ಫ್ರಿಜ್ ಮೇಲಿನ ಗೋಡೆ ಬೆಸ್ಟು. ಗಾಡಿ ನಿಲ್ಸೋಕೆ ಮಾತ್ರ ಜಾಗನೇ ಇಲ್ಲ, ಬಸ್ಸಲ್ಲೇ ಹೋಗಿ.