ಕೊಳವೆಬಾವಿ ನೀರಿನಲ್ಲಿ ಸಹಜ ದ್ರವ ಸಾಬೂನು

ಕೊಬ್ಬರಿ ಎಣ್ಣೆ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ತಯಾರಾದ ದ್ರವ ಸಾಬೂನೊಂದನ್ನು ಸಾವಯವ ಅಂಗಡಿಯಿಂದ ತಂದು, ಕೊಳವೆಬಾವಿಯನ್ನೇ ನಂಬಿರುವ ವೈಟ್‌ಫೀಲ್ಡ್ ಕಡೆಯ ನಮ್ಮ ಮನೆಯಲ್ಲಿ ಸ್ನಾನಕ್ಕೂ ಪಾತ್ರೆಗೂ ಬಟ್ಟೆಗೂ ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಸಾಬೂನು ಒಳ್ಳೆಯದೇ. ಘಾಟಿಲ್ಲ, ಕೈ ಒಣಗುವುದಿಲ್ಲ. ಕಾವೇರಿ ನೀರು ಬರುವ ಅಕ್ಕನ ಮನೆಯಲ್ಲಿ ನಾಲ್ಕು ಹನಿಗೇ ಅಂಗೈ ತುಂಬ ನೊರೆ. ನಮ್ಮ ನಲ್ಲಿಯ ನೀರಿನಲ್ಲಿ ಮಾತ್ರ ಅದು ಒಡೆದ ಹಾಲಿನಂತಾಗಿ, ಬೂದು ಬಣ್ಣದ ಅಂಟು ಚೂರುಗಳು ಬಕೆಟ್ಟಿನ ಅಂಚಿಗೆ ಹತ್ತಿಕೊಳ್ಳುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಕೊಬ್ಬಿನಾಮ್ಲದೊಡನೆ ಸೇರಿ ಕರಗದ ಜಿಡ್ಡಾಗುತ್ತವೆ. ಅವು ತಮ್ಮ ಪಾಲು ತಿಂದು ಮುಗಿಸುವವರೆಗೆ ನೊರೆಯೇಳದ ಕಾರಣ ಬಾಟಲಿ ಬೇಗ ಬರಿದಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600. ಆದ್ದರಿಂದ ಕುಡಿಯಲು ಒಪ್ಪಿತವಾದ ನೀರೂ ಸಾಬೂನಿಗೆ ಒಗ್ಗದಿರಬಹುದು. ‘ಎಲ್ಲ ಬಗೆಯ ನೀರಿಗೂ ಸೂಕ್ತ’ ಎಂದು ಲೇಬಲ್ಲಿನಲ್ಲಿ ಅಚ್ಚು ಹಾಕಿಸುವ ಮುನ್ನ ತಯಾರಕರು ಇದನ್ನು ಯೋಚಿಸಬೇಕಿತ್ತು.

ಉಪ್ಪು ನೀರಿನ ಸಂಗತಿ ಬೇರೆ. ಉಪ್ಪು ಸಾಬೂನನ್ನು ನೀರಿನಿಂದ ಹೊರದೂಡುತ್ತದೆಯಾದರೂ ಕೊಬ್ಬರಿ ಎಣ್ಣೆಯ ಸಾಬೂನು ಅದನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳುತ್ತದೆ. ನಾವಿಕರಿಗಾಗಿ ಮಾಡುತ್ತಿದ್ದ ಸಾಬೂನಿಗೆ ಆ ಎಣ್ಣೆಯನ್ನೇ ಆರಿಸುತ್ತಿದ್ದುದು ಇದಕ್ಕೇ. ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಕರಾವಳಿಯವರು ಎಣ್ಣೆಯ ಹೆಸರನ್ನು ನೋಡಿ ಕೊಳ್ಳುವುದು ಲೇಸು.

ಸಾಬೂನಿಗೆ ನಿಂಬೆರಸ ಬೆರೆಸಿ ಎಂದು ಅಂಗಡಿಯವರು ಹೇಳಿದ್ದರು. ಅದು ತಪ್ಪು ಸಲಹೆ: ಹುಳಿ ಬಿದ್ದೊಡನೆ ಸಾಬೂನೇ ಒಡೆದು ಎಣ್ಣೆಯಂಥ ಪದರ ಮೇಲೆ ತೇಲುತ್ತದೆ. ಕೂದಲನ್ನು ಚೆನ್ನಾಗಿ ತೊಳೆದ ನಂತರ, ಕಡೆಯ ಚೊಂಬಿನ ನೀರಿಗೆ ಕೆಲವೇ ಹನಿ ಹಿಂಡಿಕೊಂಡರೆ ಜಿಡ್ಡು ಬಿಡುತ್ತದೆ, ಅಷ್ಟೆ. ಹತ್ತಿ ಬಟ್ಟೆಗಾದರೆ ನೀರಿನಲ್ಲಿ ಮೊದಲು ವಾಷಿಂಗ್ ಸೋಡಾ ಕರಗಿಸಿ, ಸ್ವಲ್ಪ ಹೊತ್ತು ಬಿಟ್ಟು ಸಾಬೂನು ಹಾಕಬೇಕು. ಸೋಡಾ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಸಾಬೂನು ಕೆಲಸಕ್ಕೆ ಉಳಿಯುತ್ತದೆ. ರೇಷ್ಮೆ, ಉಣ್ಣೆಗೆ ಇದು ಬೇಡ. ಸ್ಟೀಲ್ ತಟ್ಟೆಗಳ ಮೇಲಿನ ಬಿಳಿ ಪದರ ಎಷ್ಟು ಉಜ್ಜಿದರೂ ಹೋಗದಿದ್ದುದರಿಂದ ಪಾತ್ರೆಗೆ ನಾವು ಅಂಟುವಾಳಕಾಯಿಯ ನೀರಿಗೆ ಮರಳಿದೆವು. ಅದರ ನೊರೆ ಸಾಬೂನಿನ ಜಾತಿಯದಲ್ಲ, ಹಾಗಾಗಿ ಈ ಜಿಡ್ಡೂ ಕಟ್ಟುವುದಿಲ್ಲ.

ಕೊಳ್ಳುವ ಮುನ್ನ ಬಾಟಲಿಯ ಅರ್ಧದಷ್ಟು ನಿಮ್ಮ ಮನೆಯ ನೀರು ತುಂಬಿ, ನಾಲ್ಕಾರು ಹನಿ ಸಾಬೂನು ಹಾಕಿ ಕುಲುಕಿರಿ. ನೊರೆ ನಿಲ್ಲದೆ ನೀರು ಬಿಳಿಚಿಕೊಂಡರೆ ದೊಡ್ಡ ಡಬ್ಬಿಗೆ ದುಡ್ಡು ಹಾಕಬೇಡಿ. ಕೈ ತೊಳೆಯುವುದಕ್ಕಾದರೆ ಚಿಕ್ಕ ಬಾಟಲಿಯನ್ನು ನಾನು ಇನ್ನೂ ತರಿಸುತ್ತೇನೆ.