ಸ್ಟೇಜ್‌ಗೆ ಲಾಂಚ್‌ಪ್ಯಾಡ್ ಎಕ್ಸ್ ಬೇಕಾ, ಎಪಿಸಿ40 ಬೇಕಾ?

ತುಮಕೂರಿನ ಗಣೇಶೋತ್ಸವದಲ್ಲೋ ಕಾಲೇಜು ಫೆಸ್ಟ್‌ನಲ್ಲೋ ಏಬಲ್ಟನ್ ಲೈವ್ (ಲ್ಯಾಪ್‌ಟಾಪ್‌ನಲ್ಲಿ ಸಂಗೀತ ನುಡಿಸುವ ಸಾಫ್ಟ್‌ವೇರ್) ಇಟ್ಟುಕೊಂಡು ನುಡಿಸುವವರು ಇದನ್ನು ಓದಿ. ಈ ಎರಡೂ ಆ ಸಾಫ್ಟ್‌ವೇರನ್ನು ಕೈಯಲ್ಲಿ ನಡೆಸುವ ಕಂಟ್ರೋಲರ್‌ಗಳು.

ನೋವೇಷನ್ ಲಾಂಚ್‌ಪ್ಯಾಡ್ ಎಕ್ಸ್‌ನಲ್ಲಿ 64 ಪ್ಯಾಡ್ (ಬೆರಳಲ್ಲಿ ಒತ್ತುವ ಗುಂಡಿ) ಇವೆ. ಬೆರಳಿನ ಏಟು ಎಷ್ಟು ಜೋರು ಅನ್ನೋದು ಅದಕ್ಕೆ ತಿಳಿಯುತ್ತದೆ. ತಮಟೆ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದು) ಹಾಕಿ ನೋಡಿ, ಮೆಲ್ಲನೆಯ ಪೆಟ್ಟು, ಗಟ್ಟಿ ಪೆಟ್ಟು ಬೇರೆಬೇರೆಯಾಗಿ ಕೇಳಿಸುತ್ತವೆ. ಹಗುರ, ಬಸ್ಸಿನಲ್ಲಿ ಒಯ್ಯುವುದೂ ಸುಲಭ. ಆದರೆ ಫೇಡರ್ (ಸದ್ದು ಏರಿಸಿ ಇಳಿಸಲು ಜಾರಿಸುವ ಹಿಡಿ), ನಾಬ್ (ತಿರುಗಿಸುವ ಗುಂಡಿ) ಎರಡೂ ಇಲ್ಲ.

ಅಕೈ ಎಪಿಸಿ40 ಎಂಕೆ2ನಲ್ಲಿ ಕ್ಲಿಪ್ (ಸಂಗೀತದ ತುಣುಕು) ಶುರುಮಾಡುವ ಪ್ಯಾಡ್ 40 ಮಾತ್ರ, ಏಟಿನ ಬಲವೂ ಅವಕ್ಕೆ ಗೊತ್ತಾಗುವುದಿಲ್ಲ. ಬದಲಿಗೆ 9 ಫೇಡರ್, ಒಂದು ಕ್ರಾಸ್‌ಫೇಡರ್ (ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ಜಾರಲು), ಸಾಕಷ್ಟು ನಾಬ್. ಒಂದು ಕೈಯಲ್ಲಿ ಬಾಸ್ ಇಳಿಸುತ್ತಾ ಇನ್ನೊಂದರಲ್ಲಿ ಫಿಲ್ಟರ್ ತಿರುಗಿಸುವ ಸುಖವೇ ಬೇರೆ! ಟ್ರ್ಯಾಕ್ ಬೆರೆಸುವವರಾದರೆ ನನ್ನ ಓಟು ಇದಕ್ಕೇ. ಬೆರಳಲ್ಲೇ ತಾಳ ಬಾರಿಸುವವರು ಲಾಂಚ್‌ಪ್ಯಾಡ್ ತಗೊಳ್ಳಿ.

ಎರಡಕ್ಕೂ ಯುಎಸ್‌ಬಿ ಕರೆಂಟೇ ಸಾಕು. ಲ್ಯಾಪ್‌ಟಾಪ್‌ನಲ್ಲಿ ಟೈಪ್-ಸಿ ಮಾತ್ರ ಇದ್ದರೆ ಅಡಾಪ್ಟರ್ ಮರೆಯಬೇಡಿ.