ಆ್ಯಪ್, ಬ್ರೋಕರ್, ಗೇಟಿನ ಬೋರ್ಡು: ಅಮ್ಮನ ಮನೆ ಮಾರಲು ಮೂರನ್ನೂ ನೋಡಿದೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಮನೆ ಇತ್ತು. 30×40 ಸೈಟು, ಅಪ್ಪ 1994ರಲ್ಲಿ ಕಟ್ಟಿಸಿದ್ದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿಗೆ ನಮ್ಮ ಜೊತೆ ಬಂದರು, ಮನೆಗೆ ಬೀಗ ಬಿತ್ತು. 2025ರಲ್ಲಿ ಮಾರೋಣ ಅಂತ ಆಯಿತು. ಮೂರು ದಾರಿಯನ್ನೂ ಹಿಡಿದು ನೋಡಿದ ನನಗೆ ಅನ್ನಿಸಿದ್ದು ಇಷ್ಟು: ಒಂದೊಂದು ದಾರಿಯೂ ನಮ್ಮ ಕೈಯಲ್ಲಿ ಒಂದೊಂದು ಥರದ ತಪ್ಪು ಮಾಡಿಸುತ್ತದೆ.

ಮೇ ತಿಂಗಳಲ್ಲಿ ಮೊದಲು ಮನೆ-ಸೈಟು ಮಾರಾಟದ ಒಂದು ಆ್ಯಪಿನಲ್ಲಿ ಹಾಕಿದೆ. ಅದೇ ಏರಿಯಾದಲ್ಲಿ ಬೇರೆಯವರು ಎಷ್ಟು ಹಾಕಿದ್ದಾರೆ ಅಂತ ನೋಡಿ 1 ಕೋಟಿ 15 ಲಕ್ಷ ಅಂದೆ. ತಪ್ಪಾಗಿದ್ದು ಅಲ್ಲೇ. ಅಲ್ಲಿ ಕಾಣೋದು ಮಾರುವವರು ಕೇಳುವ ಬೆಲೆ, ವ್ಯಾಪಾರ ಆದ ಬೆಲೆ ಅಲ್ಲ. ಎಷ್ಟೋ ಮನೆಗಳು ವರ್ಷದಿಂದ ಹಾಗೇ ಕೂತಿರುತ್ತವೆ. ಮೊದಲ ವಾರ ನಲವತ್ತು ಫೋನ್ ಬಂದವು, ಅದರಲ್ಲಿ ಮುಕ್ಕಾಲು ಬ್ರೋಕರ್‌ಗಳದ್ದೇ. ಒಬ್ಬ ತಾನು ಮಿಲಿಟರಿಯವನು, ಅಡ್ವಾನ್ಸ್ ಈಗಲೇ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ದುಡ್ಡು ನಮಗೆ ಬರೋದಕ್ಕೆ ಯಾವತ್ತೂ ಪಿನ್ ಒತ್ತಬೇಕಾಗಿಲ್ಲ, ಮನೆಯ ಹಿರಿಯರಿಗೆ ಇದನ್ನು ಖಂಡಿತ ಹೇಳಿಡಿ. ನಿಜವಾಗಿ ಮನೆ ನೋಡಲು ಬಂದವರು ನಾಲ್ಕೇ ಜನ. ಜೂನ್ ಕೊನೆಗೆ ಆಷಾಢ ಬಂತು, ಫೋನೇ ನಿಂತುಹೋಯಿತು. ಆಮೇಲೆ ಬೆಲೆ ಇಳಿಸಿದರೆ "ಇನ್ನೂ ಯಾಕೆ ಹೋಗಿಲ್ಲ, ಏನಾದರೂ ತಕರಾರು ಇದೆಯಾ?" ಅಂತ ಕೇಳತೊಡಗಿದರು. ಒಂದು ಒಳ್ಳೇದು ಅಂದರೆ ಹೊರ ಊರಿನವರಿಗೂ ಮನೆ ಕಾಣುತ್ತದೆ. ದುಬೈಯಲ್ಲಿರುವ ಒಂದು ಮೈಸೂರಿನ ಕುಟುಂಬ ವಿಡಿಯೋ ಕಾಲ್‌ನಲ್ಲಿ ಇಡೀ ಮನೆ ನೋಡಿತು.

ಶ್ರಾವಣದಲ್ಲಿ ಕುವೆಂಪುನಗರದ ಒಬ್ಬ ಬ್ರೋಕರ್‌ಗೆ ಹೇಳಿದೆ. 2% ಕೇಳಿದರು, 1%ಗೆ ಒಪ್ಪಿದರು. ಮೂರು ವಾರದಲ್ಲಿ ಹನ್ನೊಂದು ಜನರನ್ನು ಕರೆತಂದರು, ಸುಮ್ನೆ ನೋಡಿ ಹೋಗುವವರು ಯಾರೂ ಇರಲಿಲ್ಲ. ಸೋರುವ ನಲ್ಲಿ ಸರಿಮಾಡಿಸಿ, ಸಂಪ್ ತೊಳೆಸಿ, ಪೇಂಟ್ ಮುಂದಿನ ಗೋಡೆಗೆ ಸಾಕು, ಒಳಗೆಲ್ಲ ಖರ್ಚು ಮಾಡಬೇಡಿ ಅಂದರು. ಸರಿಯಾದ ಮಾತು. ಮೂವತ್ತು ವರ್ಷದ ಕಟ್ಟಡಕ್ಕೆ ಯಾರೂ ಜಾಸ್ತಿ ಕೊಡುವುದಿಲ್ಲ, ಅವರು ನೋಡೋದು ಸೈಟು. ಆದರೆ 85 ಲಕ್ಷಕ್ಕೆ ಮುಗಿಸಿಬಿಡಿ ಅಂತ ದಿನಾ ಒತ್ತಾಯ. ಲೆಕ್ಕ ಹಾಕಿ ನೋಡಿದೆ. 85 ಆದರೂ 95 ಆದರೂ ಅವರಿಗೆ ವ್ಯತ್ಯಾಸ ಹತ್ತು ಸಾವಿರ, ನಮಗೆ ಹತ್ತು ಲಕ್ಷ. ಬೇಗ ಮುಗಿದರೆ ಅವರಿಗೆ ಲಾಭ, ಅಲ್ವಾ? ದಣಿದಿದ್ದಾಗ ಹೂಂ ಅನ್ನೋದು ಈ ದಾರಿಯ ತಪ್ಪು, ನಾನೂ ಇನ್ನೇನು ಅನ್ನುವುದರಲ್ಲಿದ್ದೆ. ಅವರು ಕರೆತಂದ ಒಬ್ಬರು ಅರ್ಧ ದುಡ್ಡು ನಗದಾಗಿ ಕೊಡುತ್ತೇವೆ ಅಂದಾಗ ಮಾತ್ರ ಅಲ್ಲೇ ಬೇಡ ಅಂದೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ ಬೀಳಬಹುದು, ಅದು ಬೀಳೋದು ಮಾರಿದವರಿಗೆ.

ಸೆಪ್ಟೆಂಬರಿನಲ್ಲಿ ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಿದೆವು. ಖರ್ಚು 350 ರೂಪಾಯಿ. ಈ ದಾರಿಯಲ್ಲಿ ಬರುವವರಿಗೆ ಆ ಬೀದಿ ಗೊತ್ತು, ನೀರು ಯಾವಾಗ ಬರುತ್ತೆ ಅನ್ನುವುದೂ ಗೊತ್ತು, ಹಾಗಾಗಿ ಬೆಲೆಯ ಬಗ್ಗೆ ಎಳೆದಾಟ ಕಡಿಮೆ. ಆದರೆ ಪರಿಚಯದ ಜಾಗದಲ್ಲಿ ಬಾಯಿಮಾತಿಗೇ ಎಲ್ಲ ಮುಗಿದುಹೋಗುತ್ತದೆ. ಎದುರು ಮನೆಯವರ ಸಂಬಂಧಿಕರು ಬಂದು, ಕಾಫಿ ಕುಡಿದು, 94ಕ್ಕೆ ಮಾತಾಡಿ ಹೋದರು. ಅಮ್ಮ ಮಾತು ಕೊಟ್ಟಾಯಿತು. ಟೋಕನ್ ಇಲ್ಲ, ಕಾಗದ ಇಲ್ಲ. ಆರು ವಾರ ಕಾದೆವು, ಮಧ್ಯೆ ಬಂದ ಇಬ್ಬರನ್ನು ವಾಪಸ್ ಕಳಿಸಿದೆವು, ಕೊನೆಗೆ ಅವರು ಬೇಡ ಅಂದರು. ಅಮ್ಮನಿಗೆ ತುಂಬಾ ಬೇಜಾರಾಯಿತು, ದುಡ್ಡಿಗಲ್ಲ, ಮಾತಿಗೆ.

ಮನೆ ಹೋಗಿದ್ದು ಬೋರ್ಡಿನಿಂದಲೇ. ಎರಡು ಬೀದಿ ಆಚೆಯ ದಂಪತಿ, ಮಗಳಿಗೆ ಹತ್ತಿರದಲ್ಲೇ ಮನೆ ಬೇಕಿತ್ತು. 98 ಅಂದೆವು. ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ರಿಂದ 2% ಆಗಿದೆ, ನಮಗೆ ಲಕ್ಷದ ಹತ್ತಿರ ಹೊರೆ, ಸ್ವಲ್ಪ ಬಿಡಿ ಅಂದರು. 96ಕ್ಕೆ ಆಯಿತು. ಈ ಸಲ ಚೆಕ್‌ನಲ್ಲಿ ಒಂದು ಲಕ್ಷ ಟೋಕನ್, ಹತ್ತೇ ದಿನದಲ್ಲಿ ಕರಾರು ಪತ್ರ. ಮೂರು ತಿಂಗಳ ಗಡುವು, ಯಾರು ಹಿಂದೆ ಸರಿದರೆ ಏನು ಅನ್ನುವುದೂ ಅದರಲ್ಲೇ ಬರೆಸಿದೆವು.

ಆದರೂ ರಿಜಿಸ್ಟರ್ ಆಗಿದ್ದು ಸಂಕ್ರಾಂತಿ ಕಳೆದ ಮೇಲೆ. ತಡ ಆಗಿದ್ದು ನಮ್ಮ ಕಾಗದಪತ್ರದಿಂದ. ಅಪ್ಪ ಮನೆಸಾಲವನ್ನು ಎಂದೋ ತೀರಿಸಿದ್ದರು, ಆದರೆ ಸಾಲ ತೀರಿ ಅಡಮಾನ ಬಿಟ್ಟಿದೆ ಅನ್ನುವ ಡಿಸ್ಚಾರ್ಜ್ ಡೀಡ್ ರಿಜಿಸ್ಟರ್ ಆಗಿರಲಿಲ್ಲ, ಹಾಗಾಗಿ ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ, ಅಡಮಾನ ಹಾಗೇ ಕಾಣುತ್ತಿತ್ತು. ಖಾತೆ ಅಮ್ಮನ ಹೆಸರಿಗೆ ಆಗಿದೆಯಲ್ಲ, ಇನ್ನೇನು ಅಂತ ನಾವಂದುಕೊಂಡಿದ್ದೆವು. ಖಾತೆ ಅನ್ನೋದು ತೆರಿಗೆಯ ದಾಖಲೆ, ಒಡೆತನದ ಪತ್ರ ಅಲ್ಲ. ಅಪ್ಪ ಉಯಿಲು ಬರೆದಿರಲಿಲ್ಲ, ಹಾಗಾಗಿ ಮಕ್ಕಳಿಗೂ ಪಾಲು ಇತ್ತು. ಅಕ್ಕ ಶಿವಮೊಗ್ಗದಿಂದ ಬಂದು, ನಾವಿಬ್ಬರೂ ಅಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟೆವು. ಮದುವೆಯಾದ ಹೆಣ್ಣುಮಕ್ಕಳ ಸಹಿ ಬೇಕಿಲ್ಲ ಅಂತ ಈಗಲೂ ಹೇಳುವವರಿದ್ದಾರೆ, ನಂಬಬೇಡಿ.

ನಮ್ಮದರಂಥ ಹಳೇ ಬಡಾವಣೆಯ ಸ್ವಂತ ಮನೆಯಾದರೆ ನಾನು ಮೊದಲು ಬೋರ್ಡು ಕಟ್ಟುತ್ತೇನೆ, ಜೊತೆಗೆ ಬ್ರೋಕರ್‌ಗೂ ಹೇಳುತ್ತೇನೆ, ಆದರೆ ಕನಿಷ್ಠ ಬೆಲೆ ಮೊದಲೇ ಮನೆಯಲ್ಲಿ ತೀರ್ಮಾನ ಆಗಿರಬೇಕು. ಅಪಾರ್ಟ್‌ಮೆಂಟಿನ ಫ್ಲಾಟ್ ಆದರೆ ಆ್ಯಪ್ ವಾಸಿ, ಒಂದೇ ಥರದ ಫ್ಲಾಟುಗಳು ಇರುವುದರಿಂದ ಬೆಲೆ ಅಂದಾಜು ಸುಲಭ.

ಇನ್ನೊಂದು ಮಾತು, ಪ್ಯಾನ್ ಕಾರ್ಡಿಂದು. 50 ಲಕ್ಷ ಮತ್ತು ಅದಕ್ಕಿಂತ ಮೇಲಿನ ಆಸ್ತಿಗೆ ಕೊಳ್ಳುವವರು 1% ಟಿಡಿಎಸ್, ಅಂದರೆ ಮಾರುವವರ ಲೆಕ್ಕಕ್ಕೆ ಮೊದಲೇ ಕಟ್ಟುವ ಆದಾಯ ತೆರಿಗೆ, ಹಿಡಿದು ಉಳಿದದ್ದು ಕೊಡುತ್ತಾರೆ. ನಮ್ಮ ಲೆಕ್ಕಕ್ಕೆ 96,000. ಅಮ್ಮನಿಗೆ 72 ವರ್ಷ, ಅವರ ಪ್ಯಾನ್ ಆಧಾರ್‌ಗೆ ಜೋಡಣೆ ಆಗಿರಲಿಲ್ಲ. ಹಾಗೇ ಬಿಟ್ಟಿದ್ದರೆ 20%, ಅಂದರೆ 19 ಲಕ್ಷ 20 ಸಾವಿರ ಹಿಡಿಯಬೇಕಾಗುತ್ತಿತ್ತು, ಅದನ್ನು ವಾಪಸ್ ಪಡೆಯಲು ರಿಟರ್ನ್ಸ್ ಹಾಕಿ ಕಾಯಬೇಕಿತ್ತು. ಕೊಳ್ಳುವವರ ಮಗಳೇ ಇದನ್ನು ಗಮನಿಸಿ ಫೋನ್ ಮಾಡಿ ಹೇಳಿದಳು. 1,000 ರೂಪಾಯಿ ಕಟ್ಟಿ, ಜೋಡಣೆ ಆಗಿದೆ ಅಂತ ಬಂದ ಮೇಲೆಯೇ ರಿಜಿಸ್ಟ್ರೇಷನ್ನಿಗೆ ದಿನ ಗೊತ್ತು ಮಾಡಿದೆವು.